ದೊಡ್ಡವ್ವನ ಕಾದಂಬರಿಗೆ ಏಜೆಂಟ್ ಬೇಕಾಗಿದ್ದಾರೆ

ನಮ್ಮ ದೊಡ್ಡವ್ವ ಮೂವತ್ತೇಳು ವರ್ಷ ನರ್ಸ್ ಆಗಿ ಬೀದರ ಜಿಲ್ಲೆಯ ಅರ್ಧ ಜನಕ್ಕೆ ಸೂಜಿ ಚುಚ್ಚಿದಾಕೆ. ಉಳಿದರ್ಧ ಜನ ಹೇಗೋ ತಪ್ಪಿಸಿಕೊಂಡೆವು ಎಂದು ನೆಮ್ಮದಿಯಿಂದ ಇದ್ದರು. ನಿವೃತ್ತಿಯಾದ ಮರುವರ್ಷವೇ ಆಕೆ ಒಂದು ಕಾದಂಬರಿ ಬರೆದಳು. ಈಗ ತಪ್ಪಿಸಿಕೊಂಡವರು ಯಾರೂ ಉಳಿದಿಲ್ಲ.

ಮನೆಯಲ್ಲಿ ಕುಡಿಯುವವರೊಬ್ಬರಿದ್ದರೆ ನೆರೆಹೊರೆಯವರು ಬಂದು ಮರುಗುತ್ತಾರೆ. ಬರೆಯುವವರೊಬ್ಬರಿದ್ದರೆ ಅದೇ ನೆರೆಹೊರೆಯವರು ಬಂದು ಅಭಿನಂದನೆ ಹೇಳುತ್ತಾರೆ. ಕುಡಿದವರು ಬೆಳಗಾದರೆ ಸರಿಯಾಗುತ್ತಾರೆ, ಬರೆಯುವವರು ಬೆಳಗಾದ ಕೂಡಲೇ ಮತ್ತೆ ಶುರು ಮಾಡುತ್ತಾರೆ ಎಂಬುದು ಇವರಿಗೆ ಹೇಗೆ ತಿಳಿಯಬೇಕು?

ನಾನು ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ, ಬೀದರಿನಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ಇರುತ್ತಾಳೆ. ಮದುವೆ ಮಾಡಿಕೊಳ್ಳಲಿಲ್ಲ. "ವಾರ್ಡಿನಾಗ ನಲವತ್ತು ಮಂದಿ ನರಳ್ತಿರ್ತಾರ, ಮನಿಯಾಗ ಮತ್ತೊಬ್ಬ ಯಾಕ?" ಎಂದು ಕೇಳಿ, ಬಂದ ವರಗಳನ್ನೆಲ್ಲ ಬಾಗಿಲಿನಿಂದಲೇ ಡಿಸ್ಚಾರ್ಜ್ ಮಾಡಿದ್ದಳಂತೆ. ಹೀಗೆ ಉಳಿಸಿದ ಆಯುಷ್ಯವನ್ನೆಲ್ಲ ಸೇರಿಸಿ ಹನ್ನೊಂದು ಉದ್ದನೆಯ ರಿಜಿಸ್ಟರುಗಳಲ್ಲಿ ಕಾದಂಬರಿ ಬರೆದಳು. ಒಂದು ದಿನ ಅವನ್ನು ಹಳೇ ಸೀರೆಯಲ್ಲಿ ಗಂಟು ಕಟ್ಟಿ ನನ್ನ ಮುಂದೆ ಇಟ್ಟಳು.

"ತಮ್ಮಾ, ನೀ ಕನ್ನಡ ಮಾಸ್ತರ ಇದ್ದಿ. ಕಂಪ್ಯೂಟರಿನಾಗ ಟೈಪ್ ಮಾಡಿ ಕೊಡು. ಓದೂದು ಬ್ಯಾಡ, ಬರೇ ಟೈಪ್ ಮಾಡು."

"ಓದದ ಹ್ಯಾಂಗ ಟೈಪ್ ಮಾಡ್ಲಿ ದೊಡ್ಡವ್ವಾ?"

"ನಿಮ್ಮ ಸಾಲಿ ಹುಡುಗರು ಪರೀಕ್ಷಾದಾಗ ಬರೀತಾರಲ್ಲ, ಹಂಗ."

ಆಕೆ ಹೇಳಿದ್ದನ್ನು ನಾನು ಅಕ್ಷರಶಃ ಪಾಲಿಸಿದೆ. ಕಣ್ಣು ರಿಜಿಸ್ಟರಿನ ಮೇಲೆ, ಬೆರಳು ಕೀಲಿಮಣೆಯ ಮೇಲೆ, ಮನಸ್ಸು ಕ್ರಿಕೆಟ್ಟಿನ ಮೇಲೆ. ಎರಡು ಬೇಸಿಗೆ ರಜೆ ಹೀಗೆ ಹೋಯಿತು. ಕಥೆ ಏನು ಎಂದು ಯಾರಾದರೂ ಕೇಳಿದರೆ, ಒಬ್ಬಾಕೆ ನರ್ಸ್ ಇದ್ದಾಳೆ, ಬಹಳ ಜನ ಅಳುತ್ತಾರೆ ಎಂದಷ್ಟೇ ನಾನು ಹೇಳಬಲ್ಲವನಾಗಿದ್ದೆ.

ಮೊದಲನೆಯ ಪ್ರತಿ ಬೆಂಗಳೂರಿನ ಒಬ್ಬ ಪ್ರಕಾಶಕರಿಗೆ ಹೋಯಿತು. ನಾಲ್ಕು ತಿಂಗಳ ಮೇಲೆ ಒಂದು ಸಾಲಿನ ಉತ್ತರ ಬಂತು: 'ನಿಮ್ಮ ಕೃತಿ ಸದ್ಯ ನಮ್ಮ ಪ್ರಕಟಣಾ ಯೋಜನೆಗೆ ಹೊಂದುವುದಿಲ್ಲ.' ಬೇರೆ ಯಾರಾದರೂ ಆಗಿದ್ದರೆ ಎರಡು ದಿನ ಊಟ ಬಿಡುತ್ತಿದ್ದರು. ದೊಡ್ಡವ್ವ ಕನ್ನಡಕ ಏರಿಸಿಕೊಂಡು ಆ ಒಂದು ಸಾಲನ್ನು ಎಕ್ಸ್‌ರೇ ನೋಡಿದಂತೆ ಬೆಳಕಿಗೆ ಹಿಡಿದು ನೋಡಿದಳು.

"ಸದ್ಯ ಅಂದಾರ. ಅಂದ್ರ ಕೇಸು ಮುಗದಿಲ್ಲ. ಅಬ್ಸರ್ವೇಷನ್ ಒಳಗ ಇಟ್ಟಾರ."

ಅವತ್ತಿನಿಂದ ಬೆಳಗಿನ ಆರಕ್ಕೆ ಒಮ್ಮೆ, ಸಂಜೆಯ ಆರಕ್ಕೆ ಒಮ್ಮೆ, ಜ್ವರ ನೋಡುವ ಹೊತ್ತಿಗೆ ಸರಿಯಾಗಿ ಆ ಪ್ರಕಾಶಕರಿಗೆ ಫೋನು ಹೋಗತೊಡಗಿತು. ಒಂಬತ್ತನೆಯ ದಿನ ಅವರ ನಂಬರು ಹತ್ತುವುದು ನಿಂತಿತು. ನಂಬರು ಬ್ಲಾಕ್ ಮಾಡುವುದೆಂದರೆ ಏನು ಎಂದು ನಾನು ಅರ್ಧ ತಾಸು ವಿವರಿಸಿದೆ. ಆಕೆ ನಂಬಲಿಲ್ಲ. ಮನುಷ್ಯ ಮಾತಾಡುವುದು ನಿಲ್ಲಿಸಿದರೆ ಆರೋಗ್ಯದ್ದೇ ತೊಂದರೆ ಎಂಬುದು ಆಕೆಯ ಅನುಭವ. ಐತವಾರ ಚರ್ಚಿನಲ್ಲಿ ಎಲ್ಲರೂ ತಮ್ಮ ತಮ್ಮ ಬಿನ್ನಹ ಹೇಳಿಕೊಳ್ಳುವಾಗ ಎದ್ದು ನಿಂತು, "ಪ್ರಭುವೇ, ಬೆಂಗಳೂರಿನ ಆ ಪ್ರಕಾಶಕರಿಗೆ ಆರೋಗ್ಯ ಕೊಡು, ಹಂಗೇ ಒಂದೀಟು ಬುದ್ಧೀನೂ ಕೊಡು" ಎಂದು ಗಟ್ಟಿಯಾಗಿ ಪ್ರಾರ್ಥಿಸಿದಳು. ಪಾಸ್ಟರರು ಆಮೇಲೆ ಆಕೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರಂತೆ: "ಸಿಸ್ಟರ್, ಒಂದು ಸಲಕ್ಕ ಒಂದೇ ಕೇಳ್ರಿ."

ಎರಡನೆಯ ಪ್ರತಿ ಮೈಸೂರಿಗೆ ಹೋಯಿತು. ಅಲ್ಲಿಯವರು ಸಭ್ಯರು, ಇಡೀ ಪುಟ ಬರೆದಿದ್ದರು. ಪಾತ್ರಗಳ ಮಾತು ತಮ್ಮ ಓದುಗರಿಗೆ ಅರ್ಥವಾಗುವುದಿಲ್ಲವಂತೆ. ಅದನ್ನು ಶಿಷ್ಟ ಕನ್ನಡಕ್ಕೆ ಬದಲಿಸಿದರೆ ಮತ್ತೊಮ್ಮೆ ಪರಿಶೀಲಿಸುವರಂತೆ. ನನಗೆ ಅವರ ಮಾತು ಸರಿ ಎನಿಸಿತು. ಹದಿನೆಂಟು ವರ್ಷದಿಂದ ಮಕ್ಕಳ ನೋಟುಬುಕ್ಕಿನಲ್ಲಿ 'ಮನಿ'ಗೆ ಕೆಂಪು ಗೆರೆ ಎಳೆದು 'ಮನೆ' ಎಂದು ತಿದ್ದುತ್ತಾ ಬಂದವನು ನಾನು. ಹೆರಿಗೆಯ ಒಂದು ಪುಟವನ್ನು ನಾನೇ ಶುದ್ಧಗೊಳಿಸಿ ಆಕೆಯ ಕೈಗೆ ಕೊಟ್ಟೆ. ಆಕೆ ಜೋರಾಗಿ ಓದಿದಳು.

"'ಅಯ್ಯೋ, ನನಗೆ ತುಂಬಾ ನೋವಾಗುತ್ತಿದೆ. ದಯವಿಟ್ಟು ದಾದಿಯವರನ್ನು ಬೇಗನೆ ಕರೆಯಿರಿ.'"

ಕಾಗದವನ್ನು ಮಡಚಿ ನನ್ನ ಕಿಸೆಗೇ ತುರುಕಿದಳು. "ತಮ್ಮಾ, ನಾ ಮಾಡಿಸಿದ ಬಾಣಂತನ ಸಾವಿರಗಟ್ಲೆ ಅವ. ಬ್ಯಾನಿ ತಿನ್ನೂ ಮುಂದ ಹಿಂಗ ವ್ಯಾಕರಣ ಹಚ್ಚಿ ಮಾತಾಡಾಕಿ ಒಬ್ಬಾಕಿನ್ನ ತೋರಸು. ನಾನೇ ಹೋಗಿ ಅಕಿ ಕಾಲಿಗಿ ಬೀಳ್ತೇನಿ."

ಮೈಸೂರಿನ ಕೇಸು ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಚರ್ಚಿನಲ್ಲಿ ಹಾಡುವ ಹುಡುಗಿಯೊಬ್ಬಳು, ಹೈದರಾಬಾದಿನಲ್ಲಿ ಇಂಗ್ಲಿಷ್ ಎಂ.ಎ. ಓದುವವಳು, ದೊಡ್ಡವ್ವನ ಕಿವಿಯಲ್ಲಿ ಒಂದು ಮಾತು ಹಾಕಿದಳು. ಹೊರದೇಶಗಳಲ್ಲಿ ಬರೆದವರು ನೇರ ಪ್ರಕಾಶಕರ ಬಾಗಿಲಿಗೆ ಹೋಗುವುದಿಲ್ಲವಂತೆ. ಅದಕ್ಕೆ ಏಜೆಂಟರು ಇರುತ್ತಾರಂತೆ. ಕಾದಂಬರಿ ಹಿಡಿದುಕೊಂಡು ಅವರೇ ಓಡಾಡುತ್ತಾರಂತೆ. ದೊಡ್ಡವ್ವನಿಗೆ ಎಲ್ಲ ಸ್ಪಷ್ಟವಾಯಿತು. ತಪ್ಪು ಕಾದಂಬರಿಯದ್ದಲ್ಲ, ಏಜೆಂಟ್ ಇಲ್ಲದ್ದು. ಕನ್ನಡದಲ್ಲಿ ಅಂಥವರು ಇಲ್ಲ ಎಂದು ನಾನು ಹೇಳಿದರೆ, "ನೀ ಹುಡುಕಿದ್ಯೇನು?" ಎಂದಳು. ಹುಡುಕಿರಲಿಲ್ಲ.

ಮೊದಲು ಸಿಕ್ಕವನು ವಿಮೆಯ ಏಜೆಂಟ್. ಆತ ಚಹಾ ಕುಡಿದು, ಮೂರು ತಾಸು ಕಥೆ ಕೇಳಿ, ಕಾದಂಬರಿಯನ್ನಂತೂ ಯಾರಿಗೂ ಮಾರಲಿಲ್ಲ. ದೊಡ್ಡವ್ವನಿಗೇ ಒಂದು ಪಾಲಿಸಿ ಮಾರಿ ಹೋದ.

ಎರಡನೆಯವರು ಭಾಲ್ಕಿಯ ತೊಗರಿ ದಲಾಲಿ ಅಂಗಡಿಯ ಸಾವಕಾರರು. ಅವರ ಮೂರೂ ಮಕ್ಕಳನ್ನು ಈ ಲೋಕಕ್ಕೆ ತಂದವಳು ದೊಡ್ಡವ್ವನೇ ಆದ್ದರಿಂದ ಇಲ್ಲ ಎನ್ನಲು ಅವರಿಗೆ ಬಾಯಿಯೇ ಬರುತ್ತಿರಲಿಲ್ಲ. ನನ್ನ ವಿದ್ಯಾರ್ಥಿಗಳ ತಂದೆಯರೆಲ್ಲ ಅದೇ ಬಾಜಾರದಲ್ಲಿ ಓಡಾಡುವವರು. ಅವರೆದುರಿಗೆ ನಾನು ಹನ್ನೊಂದು ರಿಜಿಸ್ಟರುಗಳ ಗಂಟು ಹೊತ್ತು ದಲಾಲಿ ಅಂಗಡಿಯ ಮೆಟ್ಟಿಲು ಹತ್ತಿದೆ. ಟೈಪ್ ಆದ ಪ್ರತಿ ಇದೆಯಲ್ಲ ಎಂದರೆ ಆಕೆ ಕೇಳಲಿಲ್ಲ, ಮಾಲು ಅಂದ ಮೇಲೆ ತೂಕ ಕಾಣಬೇಕಂತೆ.

ದಲಾಲಿ ಸಾವಕಾರರು ಗಂಟಿನ ಸುತ್ತ ಒಂದು ಸುತ್ತು ಬಂದರು. "ತೊಗರಿ ಇದ್ರ ಒಂದು ಮುಟಗಿ ತಗದು ಸ್ಯಾಂಪಲ್ ತೋರಿಸ್ತೇನ್ರಿ ಸಿಸ್ಟರ್. ಇದಕ್ಕ ಸ್ಯಾಂಪಲ್ ಹ್ಯಾಂಗ್ರಿ?"

"ನಡುವಿಂದ ಎಲ್ಲಿಯರೆ ತಗೀರಿ. ಎಲ್ಲ ಕಡಿ ಒಂದೇ ಮಾಲ್ ಅದ."

ಅವರು ಒಂದು ರಿಜಿಸ್ಟರು ಇಟ್ಟುಕೊಂಡರು. ಎಂಟು ದಿನ ಬಿಟ್ಟು ಹೋದಾಗ ಅದರ ಹಾಳೆಗಳಲ್ಲಿ ತೊಗರಿಯ ದೂಳು ಕೂತಿತ್ತು. ಮನುಷ್ಯ ನಿಜವಾಗಿಯೂ ಓದಿದ್ದರು.

"ಮಾಲ್ ಛಲೋ ಅದ ರಿ ಸಿಸ್ಟರ್. ಖರೇ ಹೇಳ್ತೇನಿ, ಆದ್ರ ಹಸಿ ಭಾಳ ಅದ. ಹಾಳಿಗೊಬ್ಬರು ಅಳ್ತಾರ. ಇಷ್ಟು ಹಸಿ ಇದ್ರ ಯಾವ ಪ್ಯಾಟಿಯಾಗೂ ತಗೊಳ್ಳಂಗಿಲ್ರಿ. ಒಣಗಿಸಿ ತರ್ರಿ."

ಎರಡು ವರ್ಷದಿಂದ ನಾನು ಇದನ್ನೇ ಹೇಳಿ ಬೈಸಿಕೊಂಡಿದ್ದೆ. ದೊಡ್ಡವ್ವ ರಿಜಿಸ್ಟರಿನ ದೂಳು ಕೊಡವಿ, "ಖರೇ ಅದ" ಎಂದಳು. ಮನೆಗೆ ಹೋಗಿ ಕೆಂಪು ಪೆನ್ನು ಹಿಡಿದು ನೂರು ಪುಟದ ಅಳು ತೆಗೆದು ಹಾಕಿದಳು. ನಾನು ಹೇಳಿದಾಗ ಯಾಕೆ ಕೇಳಲಿಲ್ಲ ಎಂದರೆ, "ಅವರು ದಿನಾ ಮಾಲ್ ನೋಡೋರು. ನೀ ಬರೇ ಮಾಸ್ತರ" ಎಂದು ಉತ್ತರ ಬಂತು.

ಒಣಗಿಸಿದ ಕಾದಂಬರಿಗೆ ಒಂದು ಸುವರ್ಣಾವಕಾಶವೂ ಒದಗಿತು. ಬೀದರಿನಲ್ಲಿ ಒಂದು ಪುಸ್ತಕ ಬಿಡುಗಡೆಗೆ ಬೆಂಗಳೂರಿನ ಆ ಮೊದಲ ಪ್ರಕಾಶಕರೇ ಅತಿಥಿಯಾಗಿ ಬಂದರು. ಮೇ ತಿಂಗಳು, ಶಾಮಿಯಾನದ ಕೆಳಗೆ ಕೂತವರು ಬೇಯುತ್ತಿದ್ದರು. ಅತಿಥಿಗಳು ಕನ್ನಡದ ಭವಿಷ್ಯದ ಬಗ್ಗೆ ಮಾತಾಡುತ್ತಾ ಮಾತಾಡುತ್ತಾ ಮೈಕು ಬಿಟ್ಟು ಕುಸಿದರು. ಸಂಘಟಕರು ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ದೊಡ್ಡವ್ವ ವೇದಿಕೆ ಏರಿ, ಅವರನ್ನು ಅಂಗಾತ ಮಲಗಿಸಿ, ಕಾಲು ಕುರ್ಚಿಯ ಮೇಲೆ ಎತ್ತಿಟ್ಟು, ಉಪ್ಪು ಸಕ್ಕರೆ ಹಾಕಿದ ನಿಂಬೆ ನೀರು ತರಿಸಿದ್ದಳು. ಹತ್ತು ನಿಮಿಷಕ್ಕೆ ಅವರು ಕಣ್ಣು ತೆರೆದು, "ಅಮ್ಮಾ, ತಾವು ಯಾರು?" ಎಂದು ಕೇಳಿದರು.

"ದಿನಾ ಆರಕ್ಕ ನಿಮಗ ಫೋನ್ ಮಾಡತಿದ್ದಾಕಿ ರಿ ನಾನು" ಎಂದಳು ದೊಡ್ಡವ್ವ, ನಾಡಿ ಹಿಡಿದುಕೊಂಡೇ.

ಅವರ ನಾಡಿ ಆಗ ಮತ್ತೊಮ್ಮೆ ತಪ್ಪಿತಂತೆ. ಜೀವ ಉಳಿಸಿದವರ ಕಾದಂಬರಿಯನ್ನು ಬೇಡ ಎನ್ನುವುದು ಹೇಗೆ? ಕಳಿಸಿರಿ ಎಂದರು. ಕಳಿಸಿದೆವು. ಎರಡೇ ವಾರಕ್ಕೆ ಅದೇ ಒಂದು ಸಾಲು ಬಂತು, 'ಸದ್ಯ' ಎನ್ನುವ ಮಾತೂ ಇರಲಿಲ್ಲ. ಪ್ರಕಾಶಕರ ಕೃತಜ್ಞತೆ ನಿಂಬೆ ನೀರಿನಷ್ಟೂ ಬಾಳುವುದಿಲ್ಲ ಎಂದು ನಾನು ಅವತ್ತೇ ತಿಳಿದುಕೊಂಡೆ.

ಕೊನೆಗೆ ಕೆಲಸ ಮಾಡಿದ್ದು ದಲಾಲಿ ಸಾವಕಾರರೇ. ಕಲಬುರಗಿಯಲ್ಲಿ ಅವರ ವ್ಯಾಪಾರದ ಪರಿಚಯದವರೊಬ್ಬರ ಅಳಿಯ ಪುಸ್ತಕ ಪ್ರಕಟಿಸುತ್ತಿದ್ದ. ತೊಗರಿಯ ಲಾರಿಯಲ್ಲಿ ಕಾದಂಬರಿಯೂ ಹೋಯಿತು. ತಿಂಗಳೊಳಗೆ ಉತ್ತರ ಬಂತು. ಭಾಷೆ ಹಾಗೇ ಇರಲಿ, ಜೀವಂತವಾಗಿದೆ, ಪ್ರಕಟಿಸುತ್ತೇವೆ. ಆದರೆ ನಡುವೆ ಗರ್ಭಿಣಿಯೊಬ್ಬಳನ್ನು ನರ್ಸು ಔರಾದದಿಂದ ಬೀದರಿಗೆ ಬಸ್ಸಿನಲ್ಲಿ ಕರೆತರುವ ಭಾಗ ತೊಂಬತ್ತು ಪುಟ ಇದೆ. ಅದು ಒಂದು ತಾಸಿನ ದಾರಿ. ಬಸ್ಸು ಊರು ಮುಟ್ಟುವುದೇ ಇಲ್ಲ. ಆ ತೊಂಬತ್ತು ಪುಟ ತೆಗೆದರೆ ಮುಂದಿನ ತಿಂಗಳೇ ಅಚ್ಚಿಗೆ.

ನಾನು ಪೇಢೆ ತರಲು ಚಪ್ಪಲಿ ಮೆಟ್ಟಿದೆ. ದೊಡ್ಡವ್ವ ಕಾಗದವನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಆಗಂಗಿಲ್ಲ."

"ದೊಡ್ಡವ್ವಾ, ನೂರು ಪುಟದ ಅಳು ತಗದಿ. ಇದು ಬರೇ ಬಸ್ಸು."

"ಆಗಂಗಿಲ್ಲ ಅಂದ್ನೆಲ್ಲ."

ನನಗೆ ಸಿಟ್ಟು ಬಂತು. ಎರಡು ಬೇಸಿಗೆ ರಜೆ, ಬಾಜಾರದಲ್ಲಿ ಹೊತ್ತ ಗಂಟು, ಎಲ್ಲ ಒಮ್ಮೆಗೇ ನೆನಪಾಯಿತು. "ಯಾರು ಓದ್ತಾರ ಅದನ್ನ? ಟೈಪ್ ಮಾಡಿದ ನಾನೇ ಒಂದು ಸಾಲೂ ಓದಿಲ್ಲ" ಎಂದುಬಿಟ್ಟೆ.

ಆಕೆ ನನ್ನನ್ನು ಬೈಯಲಿಲ್ಲ. "ಈ ಐತವಾರ ಚರ್ಚ್ ಮುಗದ ಮ್ಯಾಲ ನನ್ನ ಜೋಡಿ ಔರಾದಕ್ಕ ಬಾ" ಎಂದಳು.

ಅಲ್ಲೂ ಒಬ್ಬ ಏಜೆಂಟನನ್ನು ಹಿಡಿದಿರಬೇಕು ಎಂದುಕೊಂಡೇ ಹೋದೆ. ಔರಾದದ ಬಸ್ ನಿಲ್ದಾಣದಿಂದ ಎರಡು ಓಣಿ ಆಚೆ ಒಂದು ಸಣ್ಣ ಮನೆ. ಪಡಸಾಲೆಯ ಹೊರಸಿನ ಮೇಲೆ ಎಂಬತ್ತು ದಾಟಿದ ಮುದುಕಿಯೊಬ್ಬಳು ಕೂತಿದ್ದಳು, ಎರಡೂ ಕಣ್ಣಿಗೆ ಪೊರೆ. ದೊಡ್ಡವ್ವನ ಹೆಜ್ಜೆಯ ಸಪ್ಪಳಕ್ಕೇ ಗುರುತು ಹಿಡಿದು, "ಸಿಸ್ಟರಬಾಯಿ ಬಂದ್ಯಾ?" ಎಂದು ಕೈ ಚಾಚಿದಳು. "ಹೂಂ ಆಯಿ, ಬಂದೀನಿ" ಎಂದು ದೊಡ್ಡವ್ವ ಪಕ್ಕದಲ್ಲಿ ಕೂತು, ಚೀಲದಿಂದ ಏಳನೆಯ ರಿಜಿಸ್ಟರು ತೆಗೆದು ಓದತೊಡಗಿದಳು.

ನಾನು ಟೈಪ್ ಮಾಡಿದ ಸಾಲುಗಳನ್ನು ಮೊದಲ ಸಲ ಕೇಳಿದೆ. ಬಸ್ಸು ಔರಾದ ಬಿಟ್ಟಿತ್ತು. ಕುರಿಯ ಹಿಂಡು ಅಡ್ಡ ಬಂದು ನಿಂತಿತು. ಕಿಟಕಿಯ ಬಳಿ ಕೂತ ಸುನಂದಾ ಎನ್ನುವ ಹುಡುಗಿ ಕುರಿಮರಿ ನೋಡಿ ನಕ್ಕಳು, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಳು, ಹೆಣ್ಣಾದರೆ ಏನು ಹೆಸರಿಡಲಿ ಎಂದು ನರ್ಸನ್ನು ಕೇಳಿದಳು. ಮುದುಕಿ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು.

ನೀರು ಕೊಡಲು ಬಂದ ಆ ಮನೆಯ ಸೊಸೆ ನನ್ನ ಮುಖ ನೋಡಿ, ಇವನಿಗೇನೂ ಗೊತ್ತಿಲ್ಲ ಎಂದು ತಿಳಿದಳು. ಅಂಗಳಕ್ಕೆ ಕರೆದು ಮೆಲ್ಲಗೆ ಹೇಳಿದಳು.

"ಸುನಂದಾ ಅಂದ್ರ ನಮ್ಮತ್ತಿ ಮಗಳು ರಿ. ಚೊಚ್ಚಲ ಬಸರಿ ಇದ್ಳಂತ. ಹೆರಿಗಿ ಕಷ್ಟ ಆಗ್ತದಂತ ಸಿಸ್ಟರ್ ಅಕಿನ್ನ ಬಸ್ಸಿನಾಗ ಬೀದರಕ್ಕ ಕರಕೊಂಡು ಹೊಂಟಿದ್ರು. ಸಿಸ್ಟರಿಗೂ ಆಗ ಸಣ್ಣ ವಯಸ್ಸು. ಮಾಂಜ್ರಾ ಹೊಳಿ ತುಂಬಿ ಸೇತುವಿ ಮ್ಯಾಲ ನೀರು ಬಂದಿತ್ತಂತ. ಬಸ್ಸು ಈ ದಂಡಿ ಮ್ಯಾಲೇ ನಿಂತು ಬಿಡ್ತು ರಿ. ನೀರು ಇಳಿಯೂದ್ರೊಳಗ ತಾಯಿ ಮಗು ಇಬ್ಬರೂ ಹೋದ್ರು. ಸಿಸ್ಟರ್ ತೊಡಿ ಮ್ಯಾಲೇ ಹೋದ್ರಂತ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಈಗ ಎರಡು ವರ್ಷ ಆಯ್ತು, ಸಿಸ್ಟರ್ ಬಂದು ಇದು ಓದಿ ಹೇಳ್ತಾರ. ಇದರಾಗ ಬಸ್ಸು ಇನ್ನಾ ಮಾಂಜ್ರಾ ಮುಟ್ಟಿಲ್ರಿ. ಮುಟ್ಟೂ ತನಕ ಅಕಿ ಇರ್ತಾಳಲ್ರಿ."

ನಾನು ಅಂಗಳದಲ್ಲೇ ನಿಂತೆ. ಒಳಗೆ ಬಸ್ಸು ಸಂತಪೂರ ಮುಟ್ಟಿತ್ತು. ಡ್ರೈವರ್ ಇಳಿದಿದ್ದ, ನರ್ಸು ಹೋಟೆಲಿನಿಂದ ಚಹಾ ತಂದು ಸುನಂದಾಳ ಕೈಗೆ ಕೊಟ್ಟಿದ್ದಳು, ಅವಳು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಊದಿ ಊದಿ ಕುಡಿದು ಮುಗಿಸಿದ್ದಳು. ಕಂಡಕ್ಟರ್ ಸೀಟಿ ಊದಬೇಕಾಗಿತ್ತು. ಮುದುಕಿ ಕಣ್ಣು ತೆರೆಯದೆ ದೊಡ್ಡವ್ವನ ಮೊಣಕೈ ಹಿಡಿದಳು.

"ಅಕಿಗಿ ಒಂದು ಕಪ್ಪಿಗಿ ಆಗಂಗಿಲ್ಲ ಬಾಯಿ. ಚಾ ಅಂದ್ರ ಭಾಳ ಜೀವ. ಇನ್ನೊಂದು ಕೊಡು."

"ಕೊಡ್ತೇನಿ ಆಯಿ" ಎಂದಳು ದೊಡ್ಡವ್ವ. ರಿಜಿಸ್ಟರನ್ನು ತೊಡೆಯ ಮೇಲೆ ಇಟ್ಟುಕೊಂಡು ಪೆನ್ನಿನ ಕ್ಯಾಪು ತೆಗೆದು, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯತೊಡಗಿದಳು. ಅಂಚು ಸಾಲಲಿಲ್ಲ. ನಾನು ಒಳಗೆ ಹೋಗಿ ನನ್ನ ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಕೊಟ್ಟೆ.

ಮರುದಿನ ಕಲಬುರಗಿಗೆ ನಾನೇ ಕಾಗದ ಬರೆದೆ. ನೀವು ಹೇಳಿದ ತೊಂಬತ್ತು ಪುಟ ತೆಗೆಯಲು ಆಗುವುದಿಲ್ಲ, ಕ್ಷಮಿಸಿರಿ, ಈಗ ಅವು ತೊಂಬತ್ತೊಂದು ಆಗಿವೆ ಎಂದು.