ಟಗರಿನ ಒಪ್ಪಿಗೆ

ಎಲ್ಲಾ ಶುರುವಾದದ್ದು ಹೇಮಂತನ ನಾಲಿಗೆಯಿಂದ. ಹಳೇಬೀಡಿನ ಬಸ್ ಸ್ಟ್ಯಾಂಡ್ ಪಕ್ಕ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ ಈ ಮನುಷ್ಯನಿಗೆ ಬಾಡೂಟವೆಂದರೆ ಪ್ರಾಣ. ಬಾಡೂಟದ ಬಗ್ಗೆ ಮಾತಾಡುವುದೆಂದರೆ ಇನ್ನೂ ಪ್ರಾಣ. ತಂಗಿ ಮಾಲಿನಿಯ ಮದುವೆ ಮುಗಿದು, ಅರಸೀಕೆರೆಯ ಬೀಗರ ಮನೆಯಲ್ಲಿ ಉಂಡು ಕೈತೊಳೆಯುವಾಗ ಸುಮ್ಮನಿರಬಾರದಿತ್ತೆ?

"ಅಂಗಡಿ ಮಟನ್ನೂ ಒಂದು ಮಟನ್ನೇನ್ರೀ? ನಮ್ಮನೆ ಬೀಗರೂಟಕ್ಕೆ ಬನ್ನಿ. ಸಾಕಿದೋರ ಮನೆಯಿಂದ್ಲೇ ನೇರ ಮರಿ ತರ್ತೀನಿ. ಅದನ್ನ ತಿಂದ್ಮೇಲೆ ನೀವು ಅಂಗಡಿ ಕಡೆ ತಲೆ ಹಾಕೀನೂ ಮಲಗಲ್ಲ" ಎಂದುಬಿಟ್ಟ.

ಬೀಗರಾದ ರಾಮಣ್ಣನವರು ಮೀಸೆ ಒರೆಸಿಕೊಂಡು, "ನೋಡೋಣ ಬಿಡಿ" ಎಂದರು. ಅವರು ಅಂದು ಬಡಿಸಿದ್ದು ಅಂಗಡಿ ಮಟನ್ನನ್ನೇ ಎಂಬುದು ವಾಪಸು ಬರುವ ಬಸ್ಸಿನಲ್ಲಿ ಹೆಂಡತಿ ನಯನಾ ತೊಡೆ ಚಿವುಟಿ ಹೇಳಿದಾಗಲೇ ಹೇಮಂತನಿಗೆ ಗೊತ್ತಾದದ್ದು. ಇನ್ನು ಬೀಗರೂಟದಲ್ಲಿ ಹೆಚ್ಚುಕಮ್ಮಿಯಾದರೆ ಮಾಲಿನಿ ಆ ಮನೆಯಲ್ಲಿ ಸಾಯೋತನಕ ಚುಚ್ಚುಮಾತು ಕೇಳಬೇಕು.

ಬೀಗರು ಬರುವ ದಿನ ಬೆಳಗಿನ ಜಾವವೇ ಎದ್ದು, ಕೆರೆಯಾಚೆ ಗುಡ್ಡದ ಹಿಂದೆ ಕುರಿ ಸಾಕಿಕೊಂಡಿದ್ದ ದ್ಯಾವಯ್ಯನ ಮನೆಗೆ ಸ್ಕೂಟರ್ ಓಡಿಸಿದ. ಮಾಘಮಾಸದ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅವನ ಸ್ಕೂಟರಿನ ಸದ್ದು ಅವನಿಗೇ ಬೇರೆ ಯಾರದೋ ಸ್ಕೂಟರು ಹಿಂದೆ ಬರುತ್ತಿದ್ದಂತೆ ಕೇಳುತ್ತಿತ್ತು. ಎರಡು ಸಲ ತಿರುಗಿ ನೋಡಿದ. ಯಾರೂ ಇರಲಿಲ್ಲ.

ದೊಡ್ಡಿಯಲ್ಲಿ ಕುರಿಗಳೆಲ್ಲ ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. ನಡುವೆ, ಖಾಲಿ ಜಾಗದಲ್ಲಿ, ಒಂದೇ ಒಂದು ಕರಿ ಟಗರು. ಅದು ಮೆಲುಕು ಹಾಕುತ್ತಿರಲಿಲ್ಲ. ರೆಪ್ಪೆ ಬಡಿಯುತ್ತಿರಲಿಲ್ಲ. ಹೇಮಂತನನ್ನೇ ನೋಡುತ್ತಿತ್ತು.

ಒಣಗಿದ ಸೌದೆಯಂತಿದ್ದ ದ್ಯಾವಯ್ಯನ ಮುಖ ಇದ್ದಕ್ಕಿದ್ದಂತೆ ಅರಳಿತು. "ಅದು ನಿಮ್ಮುನ್ನೇ ನೋಡ್ತಾ ಐತಲ್ಲ ಸ್ವಾಮಿ. ಅದುನ್ನೇ ತಗಳಿ. ನಾನೇ ಆಟೋದಲ್ಲಿ ಹಾಕ್ಕೊಂಡು ಬತ್ತೀನಿ. ಜೊತೇಲಿ ಒಂದು ಬಿಳೀ ಮರೀನೂ ಇರ್ಲಿ."

ಚೌಕಾಸಿ ಮಾಡಲು ಸಜ್ಜಾಗಿ ಬಂದಿದ್ದ ಹೇಮಂತನಿಗೆ ಬಾಯಿ ತೆರೆಯಲೂ ಅವಕಾಶ ಸಿಗಲಿಲ್ಲ.

"ಒಂದು ಮಾತು. ಒಪ್ಪಿಗೆ ಕೊಡ್ದೆ ಕುಯ್ಯಂಗಿಲ್ಲ" ಎಂದ ದ್ಯಾವಯ್ಯ. ಅದು ಹೇಮಂತನಿಗೂ ಗೊತ್ತಿದ್ದ ಪದ್ಧತಿಯೇ. ಮರಿಯ ತಲೆ, ಬೆನ್ನಿನ ಮೇಲೆ ನೀರು ಹಾಕಿ ಕೇಳಬೇಕು. ಅದು ಮೈ ಒದರಿದರೆ ದೇವರು ಒಪ್ಪಿಕೊಂಡ ಹಾಗೆ. "ಹಗರೆ ಕಡೆಯೋರು ಒಬ್ರು ನಮ್ಮ ಮಂದೆ ಮರೀನ ಒಪ್ಪಿಗೆ ಇಲ್ದೆ ಕುಯ್ದ್ರು. ಸಂಜೆಗಂಟ ಒಲೆ ಉರೀತು, ಎಸರು ಕುದೀತು. ತುಂಡು ಮಾತ್ರ ತಣ್ಣಗೇ ಇತ್ತು."

ಹೇಮಂತ ನಕ್ಕ. ನಕ್ಕಿದ್ದು ಅವನೊಬ್ಬನೇ.

ಸೂರ್ಯ ಬರುವ ಹೊತ್ತಿಗೆ ಟಗರು ಹೇಮಂತನ ಹಿತ್ತಲಲ್ಲಿತ್ತು. ಅಡುಗೆಯ ಮರಿಯಣ್ಣ ಕತ್ತಿ ಮಸೆದು ಕೂತಿದ್ದ. ಹೇಮಂತ ಒಂದು ಚೊಂಬು ನೀರು ಸುರಿದ. ಟಗರು ಕದಲಲಿಲ್ಲ. ಇನ್ನೊಂದು ಸುರಿದ. ಕದಲಲಿಲ್ಲ. ಬೇಲಿಯಾಚೆಯಿಂದ ಎದುರುಮನೆ ಮುನಿಯಮ್ಮ ಕತ್ತು ಚಾಚಿದಳು. ಆಕೆ ಬಂದಳೆಂದರೆ ಬೀದಿಯೇ ಬಂದ ಲೆಕ್ಕ.

"ತಣ್ಣೀರು ಹಾಕಿದ್ರೆ ಎಲ್ಲಿ ಒದರೀತು? ಬೆಚ್ಚಗಿಂದು ಹಾಕಪ್ಪ" ಎಂದಳು. ಬೆಚ್ಚಗೆ ಹಾಕಿದ. "ಅರಿಶಿನ ಬೆರೆಸು." ಬೆರೆಸಿದ. ಯಾರೋ ಎಳನೀರು ಎಂದರು, ಯಾರೋ ಕಿವಿಗೆ ಊದು ಎಂದರು. ಊದಿದ. ಕಿವಿಯೊಳಗಿಂದ ತಣ್ಣನೆಯ ಗಾಳಿ ತಿರುಗಿ ಅವನ ಮುಖಕ್ಕೇ ಬಡಿಯಿತು. ಹೇಮಂತ ಎರಡು ಹೆಜ್ಜೆ ಹಿಂದಕ್ಕೆ ಸರಿದ.

ನಯನಾ ಮೆಲ್ಲಗೆ ಟಗರಿನ ಬೆನ್ನು ಮುಟ್ಟಿ ನೋಡಿದಳು. "ರೀ, ಇಷ್ಟು ನೀರು ಹಾಕಿದೀರ. ಒಂದು ಕೂದಲೂ ನೆಂದಿಲ್ಲ."

ಬಾಡಿನ ದಿನ ಗಲಾಟೆ ಎಬ್ಬಿಸುವ ಕಾಗೆಗಳು ಸೂರಿನ ಮೇಲೆ ಸಾಲಾಗಿ ಕೂತು ಸುಮ್ಮನಿದ್ದವು.

ಹೇಮಂತ ಮರಿಯಣ್ಣನ ಕಿವಿಯಲ್ಲಿ, "ಹಂಗೇ ಮುಗಿಸ್ಬಿಡಪ್ಪ" ಎಂದ.

"ಆಗಲ್ಲ ಕಣಣ್ಣ. ಅದು ನನ್ನ ಗುರುತು ಇಟ್ಕೊಳ್ಳೋ ಹಂಗೆ ನೋಡ್ತಾ ಐತೆ."

"ಆ ಬಿಳೀ ಮರೀನಾದ್ರೂ?"

"ದೊಡ್ಡದು ಒಪ್ದೆ ಚಿಕ್ಕದುನ್ನ ಕೇಳಂಗಿಲ್ಲ" ಎಂದ ದ್ಯಾವಯ್ಯ, ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು. ಅವನಿಗೆ ಯಾವ ಅವಸರವೂ ಇರಲಿಲ್ಲ. ಅವನು ಟಗರನ್ನು ನೋಡುತ್ತಿರಲಿಲ್ಲ; ಅವನ ಕಣ್ಣೂ ಹೇಮಂತನ ಮೇಲೆಯೇ ಇತ್ತು.

ಅಷ್ಟರಲ್ಲಿ ಬೀಗರ ವ್ಯಾನು ಬಂತು. ರಾಮಣ್ಣನವರು ಮೂಗು ಎತ್ತಿಕೊಂಡೇ ಇಳಿದರು. ಮಸಾಲೆಯ ವಾಸನೆ ಬರಲಿಲ್ಲ. ಹಿತ್ತಲಿಗೆ ಬಂದು ಹಚ್ಚದ ಒಲೆ ನೋಡಿದರು, ಖಾಲಿ ಕೊಪ್ಪರಿಗೆ ನೋಡಿದರು, ಟಗರನ್ನು ನೋಡಿದರು.

"ನೇರ ತಂದಿದೀರಿ, ಸರಿ. ನಾವೇನು ನೇರ ಕಚ್ಚಬೇಕಾ ಬೀಗರೇ?"

ಅವರ ಜೊತೆ ಬಂದಿದ್ದ ಮಾಲಿನಿ ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿದಳು.

ಮುನಿಯಮ್ಮ ಕೊನೆಯ ಉಪಾಯ ಹೇಳಿದಳು. "ಮನೆ ಯಜಮಾನ ಮೈಲಿಗೆ ಮೈಯಲ್ಲಿ ಕೇಳಿದ್ರೆ ಯಾವ ದೇವ್ರು ಒಪ್ತಾನೆ? ಬಟ್ಟೆ ಸಮೇತ ನೀರು ಹುಯ್ಕೊಂಡು ಒದ್ದೇಲೇ ನಿಂತು ಕೇಳು."

ಹೇಮಂತ ಕೊಡ ಎತ್ತಿ ತಲೆಯ ಮೇಲೆ ಸುರಿದುಕೊಂಡ. ತೊಟ್ಟಿಯ ನೀರು ಮಂಜುಗಡ್ಡೆಯಂತಿತ್ತು. ಕೈಮುಗಿದು ಟಗರಿನ ಎದುರು ನಿಂತ. "ಒಪ್ಪಿಗೆ ಕೊಡಪ್ಪ. ಮನೆ ಮರ್ಯಾದೆ ನಿನ್ನ ಕೈಲಿದೆ." ಟಗರು ಒಂದು ಹೆಜ್ಜೆ ಮುಂದೆ ಬಂತು. ಬೆಳಗಿನಿಂದ ಅದು ಇಟ್ಟ ಮೊದಲ ಹೆಜ್ಜೆ. ಅವನ ಕಣ್ಣೊಳಗೇ ನೋಡಿತು.

ಹೇಮಂತನ ಹೆಡತಲೆಯಲ್ಲಿ ಹುಟ್ಟಿದ ನಡುಕ ಬೆನ್ನಿನಲ್ಲಿ ಹರಿದು ಹಿಮ್ಮಡಿಗೆ ಇಳಿಯಿತು. ತಡೆಯಲು ನೋಡಿದ, ಆಗಲಿಲ್ಲ. ತಲೆಯಿಂದ ಕಾಲಿನವರೆಗೆ ಮೈಯೆಲ್ಲ ಪಟಪಟನೆ ಒದರಿಬಿಟ್ಟ. ನೀರು ಸುತ್ತ ನಿಂತವರ ಮುಖಕ್ಕೆಲ್ಲ ಸಿಡಿಯಿತು.

ಟಗರು ಒಮ್ಮೆ ನಿಡಿದಾಗಿ ಅರಚಿ, ಹುಲ್ಲಿಗೆ ಬಾಯಿ ಹಾಕಿತು.

ದ್ಯಾವಯ್ಯ ಎದ್ದು ನಿಂತು ಕೈಮುಗಿದ. ಟಗರಿಗಲ್ಲ, ಹೇಮಂತನಿಗೆ. "ಒಪ್ಪಿಗೆ ಆಯ್ತು."

ಹೇಮಂತ ಮೊದಲು ನೋಡಿದ್ದು ಮರಿಯಣ್ಣನ ಕೈಯ ಕತ್ತಿಯನ್ನು. ಮರಿಯಣ್ಣ ಅದನ್ನು ಬೆನ್ನ ಹಿಂದೆ ಸರಿಸಿದ.

"ಹೆದ್ರಬೇಡಿ" ಎಂದ ದ್ಯಾವಯ್ಯ. "ಕುಯ್ಯಾದಿಲ್ಲ. ದೇವ್ರು ಒಪ್ಕಂಡೋನು ದೇವ್ರೋನು, ಅಷ್ಟೇಯ. ಇನ್ಮೇಲೆ ಬಾಡು ಮುಟ್ಟಂಗಿಲ್ಲ. ಟಗರು ನಿಮ್ಮ ಜೊತೇಲೇ ಇರ್ತೈತೆ."

ಬಿಳಿ ಮರಿಗೆ ಒಂದು ಹನಿ ಬಿದ್ದದ್ದೇ ತಡ ಮೈ ಒದರಿತು. ಆಮೇಲೆ ಎಲ್ಲ ಸಲೀಸು. ಹೊತ್ತು ಇಳಿಯುವ ಮೊದಲೇ ಎಲೆ ಹಾಸಿದರು. ರಾಮಣ್ಣನವರು ಮೂಳೆ ಚೀಪುತ್ತ, "ಒಪ್ದೆ ಬೇರೆ ದಾರಿಯಿಲ್ಲ ಬೀಗರೇ. ಇಂಥದ್ದು ನಮ್ಮ ಜನ್ಮದಲ್ಲಿ ತಿಂದಿರಲಿಲ್ಲ" ಎಂದರು. ಮಾಲಿನಿಯ ಮುಖ ಬೆಳಗಿತು. ಹೇಮಂತನ ಎಲೆಯಲ್ಲಿ ಮೊಸರನ್ನವಿತ್ತು.

ಮೂಢನಂಬಿಕೆಗೂ ಒಂದು ಮಿತಿ ಬೇಡವೇ? ಯಾರೂ ನೋಡದಾಗ ಅವನು ಕೊಪ್ಪರಿಗೆಯಿಂದ ಒಂದು ತುಂಡು ಎಗರಿಸಿ ಬಾಯಿಗೆ ಹಾಕಿಕೊಂಡ. ಎಲ್ಲರ ಎಲೆಯ ಮೇಲೆ ಹಬೆಯಾಡುತ್ತಿದ್ದ ಬಾಡು ಅವನ ಬಾಯಲ್ಲಿ ಕೆರೆತಳದ ಕಲ್ಲಿನಷ್ಟು ತಣ್ಣಗಿತ್ತು. ಕಿಟಕಿಯಿಂದ ಟಗರು ನೋಡುತ್ತಿತ್ತು. ಉಗಿದುಬಿಟ್ಟ.

ಪಂಕ್ತಿಯ ಕೊನೆಯಲ್ಲಿ ದ್ಯಾವಯ್ಯ ಮೂರನೇ ಸಲ ಬಡಿಸಿಕೊಂಡು ಉಣ್ಣುತ್ತಿದ್ದ. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಖಾರ ಆಯ್ತಾ ದ್ಯಾವಣ್ಣ?" ಎಂದು ಹೇಮಂತ ಕೇಳಿದ.

"ಖಾರ ಅಲ್ಲ ಸ್ವಾಮಿ, ಸಂತೋಸ. ಮಗಳ ಮದುವೆ ವರ್ಷ ಇದೇ ಟಗರಿನ ಮುಂದೆ ನಾನೂ ಒದರಿದ್ದೆ. ಅವತ್ತಿಂದ ಒಂದು ತುಂಡು ಬಾಯಿಗೆ ಸೇರಿಲ್ಲ. ಅದು ಇನ್ನೊಬ್ರುನ್ನ ಒಪ್ಕಳಾಗಂಟ ಬಿಡುಗಡೆ ಇಲ್ಲ. ಎಷ್ಟು ಜನದ ಮನೆಗೆ ಹೊಡ್ಕೊಂಡು ಹೋಗಿದ್ನೋ, ಒಬ್ರೂ ಒದರ್ಲಿಲ್ಲ. ನೀವು ಪುಣ್ಯಾತ್ಮರು." ಹೀಗೆಂದು ಅವನು ನಲ್ಲಿಮೂಳೆಯನ್ನು ಎಲೆಯಂಚಿಗೆ ಕುಟ್ಟಿ, ಕಣ್ಣುಮುಚ್ಚಿ ಹೀರಿದ.

ಸಂಜೆ ಬೀಗರು ಹೊರಟು ನಿಂತರು. ಹೇಮಂತ ವ್ಯಾನಿನವರೆಗೂ ಹೋದ. ಟಗರೂ ಅವನ ಹಿಂದೆಯೇ ಬಂತು. ರಾಮಣ್ಣನವರ ಎರಡೂ ಕೈ ಹಿಡಿದುಕೊಂಡು ಅವನು ಅತ್ಯಂತ ಪ್ರೀತಿಯಿಂದ ಕೇಳಿದ:

"ಬೀಗರೇ, ಮುಂದಿನ ಹಬ್ಬಕ್ಕೆ ನಿಮಗೊಂದು ಒಳ್ಳೇ ಟಗರು ಬೇಕಾ? ಸಾಕಿದೋರ ಮನೆಯಿಂದ್ಲೇ, ನೇರ. ನಾನೇ ಹೊಡ್ಕೊಂಡು ಬರ್ತೀನಿ."