ಕುಳ್ಳಿನ ಪಿರಮಿಡ್ಡಿಗೆ ಭೇಟಿ ನೀಡುವವರ ಗಮನಕ್ಕೆ

ಪರದೇಶದ ವಾಗೆನಿಂಗನ್ ಊರಿನಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ ಹೋದರೆ ಸಿಗುವ ಒಂದು ಹಳ್ಳಿಯಲ್ಲಿ ಸಗಣಿಯಿಂದ ಕಟ್ಟಿದ ಪಿರಮಿಡ್ಡು ಇರುತ್ತದೆ. ಎತ್ತರ ಎರಡು ಮೀಟರು ನಲವತ್ತು ಸೆಂಟಿಮೀಟರು. ಕಟ್ಟಿದವರು ಗೌರಾಬಾಯಿ, ಅಂದರೆ ನಾನು. ಒಳಗೆ ಹೂಳಲ್ಪಡಬೇಕಾದವರು ಮಹಾಂತಪ್ಪ, ಅಂದರೆ ನಮ್ಮ ಯಜಮಾನರು, ಸದ್ಯ ಜೀವಂತ. ಇದೆಲ್ಲ ಅಲ್ಲಿನ ಕಚೇರಿಯ ಕಡತದಲ್ಲಿದೆ. ನಾನು ಹುಟ್ಟಿಸಿ ಹೇಳಿದ್ದು ಒಂದೂ ಇಲ್ಲ.

ನಾವಿಬ್ಬರೂ ಮಗ-ಸೊಸೆಯ ಮನೆಗೆ ತೊಂಬತ್ತು ದಿನಕ್ಕೆಂದು ಹೋಗಿದ್ದೆವು. ಸೊಸೆ ಸ್ಮಿತಾ ಅಲ್ಲಿ ಮಣ್ಣಿನ ಬಗ್ಗೆ ಸಂಶೋಧನೆ ಮಾಡುತ್ತಾಳೆ. ಹಿತ್ತಲ ಬೇಲಿಯ ಆಚೆ ಹೆರಿಟ್ ಎಂಬ ರೈತನ ಹೊಲ, ನಲವತ್ನಾಲ್ಕು ಹಸು. ಒಂದು ಬೆಳಿಗ್ಗೆ ಹೆರಿಟ್ ಬೇಲಿ ಹಿಡಿದು ನಿಂತಿದ್ದ, ಕಣ್ಣು ಕೆಂಪಗಾಗಿದ್ದವು. ಸ್ಮಿತಾ ಮಾತಾಡಿಸಿ ಬಂದಳು.

"ಅತ್ತಿ, ಈ ದೇಶದಾಗ ಸಗಣಿ ಜಾಸ್ತಿ ಆಗೇತಂತ. ಹೆರಿಟ್‌ಗ ನಲವತ್ತು ಹಸುವಿನ ಸಗಣಿಗಷ್ಟ ಪರವಾನಗಿ. ಬ್ಯಾಸಗಿ ಮುಗಿಯೋದ್ರಾಗ ಉಳಿದ ನಾಕು ಹಸು ಹೋಗಬೇಕಂತ."

"ಎಲ್ಲಿಗೆ?"

"ಎಲ್ಲಿಗೆ ಅಂದ್ರ... ಕಸಾಯಿಖಾನಿಗೆ."

ಆ ನಾಲ್ಕರಲ್ಲಿ ಕ್ಲಾರ್ಚೆ ಅನ್ನುವ ಹಸು ದಿನಾ ಬೇಲಿಗೆ ಬಂದು ನನ್ನ ಕೈಯಿಂದ ರೊಟ್ಟಿ ತಿನ್ನುತ್ತಿತ್ತು.

"ಜಾಸ್ತಿ ಆಗಿದ್ದು ಸಗಣಿ ಹೌದಲ್ಲೊ? ಹಸು ಏನ ಮಾಡ್ಯಾವ? ಆ ಸಗಣಿ ನನಗ ಕೊಡು ಅನ್ನು ಅವಗ," ಅಂದೆ.

ಸಗಣಿಯನ್ನು ತಟ್ಟಿ ಒಣಗಿಸಿದರೆ ಅದು ಸಗಣಿಯಲ್ಲ, ಕುಳ್ಳು. ಇಷ್ಟು ಕಾನೂನು ನನಗೂ ಗೊತ್ತು. ಯಜಮಾನರು ಕೈಗಾಡಿಯಲ್ಲಿ ತಂದು ಸುರಿದರು, ನಾನು ತಟ್ಟಿದೆ. ಆ ದೇಶದ ಬಿಸಿಲು ಸಂಬಂಧಿಕರ ಹಾಗೆ, ಬಂದರೆ ಬಂತು. ಬಂದಾಗೆಲ್ಲ ಒಣಗಿಸಿ, ಹೆರಿಟ್‌ನ ಹೊಲದ ಮೂಲೆಯಲ್ಲಿ ನಾಲ್ಕು ಮೂಲೆ ಹಿಡಿದು ಬಣವೆ ಒಟ್ಟಿದೆ. ಮೊದಲು ಕಡಿದಾಗಿಯೇ ಏರಿಸಿದೆ. ಎದೆಮಟ್ಟ ಬಂದಾಗ ಸಾಲು ಜಾರತೊಡಗಿತು.

"ಏ ಇವಳ, ಇದು ನಿನ್ನ ಮ್ಯಾಲ ಬಿದ್ರ ಊರಿಗೆ ಏನಂತ ಹೇಳ್ಲಿ?" ಅಂದರು ಯಜಮಾನರು.

ಅಲ್ಲಿಂದ ಮುಂದಕ್ಕೆ ಇನ್ನಷ್ಟು ಒಳಮುಖವಾಗಿ ಓರೆ ಮಾಡಿ, ತುದಿ ಚೂಪು ಮಾಡಿ, ಮೇಲೆ ಸಗಣಿ ಸಾರಿಸಿದೆ. ಸೊಂಟ ಬಾಗಿದ ಮುದುಕಿಯ ಹಾಗೆ ಕಂಡಿತು. ಮಳೆಗೆ ಮಾತ್ರ ಜಗ್ಗಲಿಲ್ಲ.

ಒಂದು ಮಂಗಳವಾರ ಪರಿಸರ ಇಲಾಖೆಯಿಂದ ಮೇವ್ರೌ ಹೂಕ್‌ಸ್ಟ್ರಾ ಸೈಕಲ್ಲಿನ ಮೇಲೆ ಬಂದರು. ಮೇವ್ರೌ ಅಂದರೆ ಅಲ್ಲಿ ಬಾಯಿಯವರು. ಪರವಾನಗಿ ಇಲ್ಲದ ಸಗಣಿ ದಾಸ್ತಾನು, ಹದಿನಾಲ್ಕು ದಿನದೊಳಗೆ ತೆರವು, ತಪ್ಪಿದಲ್ಲಿ ನಾಲ್ಕು ಹಸುಗಳ ವಿಲೇವಾರಿ ಎಂದು ಆದೇಶ ಕೊಟ್ಟು ಹೋದರು.

ಬುಧವಾರ ಅವರೇ ಮತ್ತೆ ಬಂದರು. ಈ ಸಲ ಪುರಾತತ್ವ ಇಲಾಖೆಯಿಂದ. ಸೋಮವಾರ ಮಂಗಳವಾರ ಅವರು ಪರಿಸರ, ಬುಧವಾರ ಗುರುವಾರ ಪುರಾತತ್ವ, ಶುಕ್ರವಾರ ರಜೆ.

"ನಿನ್ನೆ ಇದನ್ನ ಒಡೀಬೇಕಂದ್ರಲ್ಲರಿ?" ಅಂದೆ. ಸ್ಮಿತಾ ಅದನ್ನು ಅವರ ಭಾಷೆಯಲ್ಲಿ ಕೇಳಿದಳು.

"ಅದು ಬೇರೆ ಇಲಾಖೆಯ ಅಭಿಪ್ರಾಯ. ಅವರಿಗೆ ಇಂದೇ ಪತ್ರ ಬರೆಯುತ್ತೇನೆ. ಉತ್ತರಕ್ಕೆ ಆರು ವಾರ ಹಿಡಿಯುತ್ತದೆ, ಅವರು ಸ್ವಲ್ಪ ನಿಧಾನ," ಎಂದರು ಹೂಕ್‌ಸ್ಟ್ರಾಬಾಯಿಯವರು.

ಬಳಿಕ ಅಳೆದರು. ಕೆಳಗಿನ ಓರೆ ಐವತ್ನಾಲ್ಕು ಡಿಗ್ರಿ, ಮೇಲಿನದು ನಲವತ್ಮೂರು.

"ನಡುವೆ ಯಾಕೆ ಬದಲಿಸಿದಿರಿ?"

"ಜಾರಾಕ ಹತ್ತಿತ್ತು, ಬದಲ್ಸಿದೆ."

ಬಾಯಿಯವರು ಸಗಣಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟರು. ಈಜಿಪ್ಟಿನಲ್ಲಿ ನಾಲ್ಕೂವರೆ ಸಾವಿರ ವರ್ಷದ ಹಿಂದೆ ಜೋಸರ್ ಎಂಬ ರಾಜನಿಗೆ ಅವನ ಮಂತ್ರಿ ಕಟ್ಟೆಯ ಮೇಲೆ ಕಟ್ಟೆ ಇಟ್ಟು ಆರು ಮೆಟ್ಟಿಲಿನ ಪಿರಮಿಡ್ಡು ಕಟ್ಟಿದನಂತೆ. ಆಮೇಲೆ ಸ್ನೆಫ್ರು ರಾಜ ನುಣುಪಾದ ಪಿರಮಿಡ್ಡು ಕಟ್ಟಲು ಹೋಗಿ, ಅರ್ಧಕ್ಕೆ ಬಂದಾಗ ಕುಸಿಯುವ ಭಯ ಹುಟ್ಟಿ, ಐವತ್ನಾಲ್ಕರಿಂದ ನಲವತ್ಮೂರಕ್ಕೆ ಇಳಿಸಿದನಂತೆ. ಬಾಗಿದ ಪಿರಮಿಡ್ಡು ಎಂದು ಅದು ಇವತ್ತಿಗೂ ನಿಂತಿದೆ. ಅವನ ಮಗ ಖುಫು ಇಪ್ಪತ್ಮೂರು ಲಕ್ಷ ಕಲ್ಲು ಪೇರಿಸಿ ಎಲ್ಲಕ್ಕಿಂತ ದೊಡ್ಡದು ಕಟ್ಟಿದ.

"ಕೆಲಸದವರಿಗೆ ಏನ ಕೊಟ್ರಂತ?" ಕೇಳಿದರು ಯಜಮಾನರು.

"ರೊಟ್ಟಿ ಮತ್ತು ಬಿಯರು."

"ನನಗ ಬರೇ ರೊಟ್ಟಿ ಸಿಕ್ಕೇತಿ ನೋಡ್ರಿ. ಬರಕೋರಿ ಅದನ್ನೂ."

ಬಾಯಿಯವರು ಬರೆದುಕೊಂಡರು. "ನಕಲು ಮಾಡುವವರು ಸರಿಯಾಗಿ ಕಟ್ಟುತ್ತಾರೆ. ತಪ್ಪು ಮಾಡಿ ತಿದ್ದಿಕೊಂಡಿರುವುದರಿಂದ ಇದು ಅಸಲಿ," ಎಂದು ಷರಾ ಹಾಕಿದರು.

ರಕ್ಷಿತ ಸ್ಮಾರಕವೆಂದು ಸೇರಿಸುವ ಅರ್ಜಿಯಲ್ಲಿ ಒಂದೇ ತೊಡಕು. ಒಳಗೆ ಹೂಳಲ್ಪಟ್ಟವರ ಹೆಸರಿನ ಜಾಗವನ್ನು ಖಾಲಿ ಬಿಟ್ಟರೆ ಕಂಪ್ಯೂಟರು ಮುಂದಕ್ಕೆ ಹೋಗುವುದಿಲ್ಲ. ಎಲ್ಲರೂ ಯಜಮಾನರ ಮುಖ ನೋಡಿದರು.

"ಹಸು ಉಳಿತಾವಂದ್ರ ಬರೀರಿ," ಅಂದರು ಅವರು. "ಆದ್ರ ನಮ್ಮ ಕಡೆ ಕುಂದರ್ಸಿ ಹೂಳ್ತಾರ, ಮಲಗ್ಸಂಗಿಲ್ಲ."

ಅರ್ಜಿಯಲ್ಲಿ ಹೆಣದ ಕೋಣೆಯ ಎತ್ತರವನ್ನು ಅದಕ್ಕೆ ತಕ್ಕಂತೆ ತಿದ್ದಲಾಯಿತು. ಮುಂದಿನ ವಾರ ಮಂಜೂರಾತಿ ಬಂತು. ನನಗೆ ಆ ದೇಶದಲ್ಲಿ ತೊಂಬತ್ತು ದಿನದ ಅನುಮತಿ, ನಾನು ತಟ್ಟಿದ ಕುಳ್ಳಿಗೆ ಶಾಶ್ವತ.

ಆದರೆ ಮಂಜೂರಾತಿಯ ಕೆಳಗೆ ಇನ್ನೊಂದು ಸಾಲಿತ್ತು: ರಕ್ಷಿತ ಸ್ಮಾರಕಕ್ಕೆ ಇನ್ನು ಮುಂದೆ ಒಂದು ಕುಳ್ಳನ್ನೂ ಸೇರಿಸತಕ್ಕದ್ದಲ್ಲ. ಅಂದಮೇಲೆ ಮರುದಿನದ ಸಗಣಿ ಎಲ್ಲಿ ಹೋಗಬೇಕು? ನಾಲ್ಕು ಹಸುಗಳನ್ನು ಒಯ್ಯುವ ಲಾರಿ ಸೋಮವಾರಕ್ಕೆ ನಿಗದಿಯಾಯಿತು. ಹೆರಿಟ್ ಕ್ಲಾರ್ಚೆಯ ಕೊರಳು ತಬ್ಬಿಕೊಂಡು ನಿಂತ. ನಾನು ಆ ರಾತ್ರಿ ಉಣ್ಣಲಿಲ್ಲ.

ಗುರುವಾರ ಬಾಯಿಯವರು ಫಲಕ ನೆಡಿಸಿದರು. ಪಿರಮಿಡ್ಡುಗಳಿಗೆಂದು ಕಚೇರಿಗೆ ಸಿಕ್ಕ ಸೂಚನೆ ಒಂದೇ, ಈಜಿಪ್ಟಿನದು. ಅದನ್ನೇ ಬರೆಸಿದ್ದರು:

"ಬೆಳಿಗ್ಗೆ ಬಾಗಿಲು ತೆರೆದೊಡನೆ ಬನ್ನಿ, ಮಧ್ಯಾಹ್ನದ ಬಿಸಿಲಿನಿಂದ ಪಾರಾಗಿ. ಟೋಪಿ ಧರಿಸಿ, ಕುಡಿಯುವ ನೀರು ತನ್ನಿ. ಪಿರಮಿಡ್ಡಿನ ಮೇಲೆ ಹತ್ತಬೇಡಿ. ಸುರಂಗದಲ್ಲಿ ಬಗ್ಗಿ ನಡೆಯಿರಿ. ಉಬ್ಬಸ ಇರುವವರು ಒಳಗೆ ಹೋಗಬೇಡಿ. ಒಂಟೆ ಹತ್ತುವ ಮುಂಚೆಯೇ ಬಾಡಿಗೆ ಗೊತ್ತುಮಾಡಿಕೊಳ್ಳಿ, ಇಳಿಸುವುದಕ್ಕೂ ಸೇರಿಸಿ."

ಜಿಟಿಜಿಟಿ ಮಳೆಯಲ್ಲಿ ಕೊಡೆ ಹಿಡಿದು ಸ್ಮಿತಾ ಓದಿ ಹೇಳಿದಳು.

"ಒಂಟಿ ಎಲ್ಲಿ ಅದಾವರಿ ಇಲ್ಲಿ?" ಅಂದೆ.

ಬಾಯಿಯವರು ಗಾಬರಿಯಾದರು. ಫಲಕದಲ್ಲಿರುವುದು ಸ್ಥಳದಲ್ಲಿ ಇರದಿದ್ದರೆ ಪ್ರವಾಸಿಗರಿಗೆ ಮೋಸ ಮಾಡಿದಂತೆ. "ಒಂಟೆ ಲಭ್ಯವಿಲ್ಲದಿದ್ದಲ್ಲಿ ಸಮಾನ ತೂಕದ ನಾಲ್ಕು ಕಾಲಿನ ಪ್ರಾಣಿ ಎಂಬ ನಿಯಮ ಇದೆ," ಅಂದರು.

ನಾನು ಬೇಲಿಯ ಕಡೆ ಕೈ ತೋರಿಸಿದೆ. "ನಾಕು ಅದಾವಲ್ಲ."

"ಒಂಟೆಗೆ ಸಗಣಿ ಮಿತಿ ಇಲ್ಲವೇ?" ಕೇಳಿದ ಹೆರಿಟ್.

"ಪರಿಸರ ಇಲಾಖೆಯ ಪಟ್ಟಿಯಲ್ಲಿ ಒಂಟೆ ಇಲ್ಲ. ಪಟ್ಟಿಯಲ್ಲಿ ಇಲ್ಲದ ಪ್ರಾಣಿ ಸಗಣಿ ಹಾಕುವುದಿಲ್ಲ."

ಕ್ಲಾರ್ಚೆಯ ಕಿವಿಯ ಹಳದಿ ಚೀಟಿ ತೆಗೆದು ಹಸಿರು ಚೀಟಿ ಹಾಕಿದರು. ಸೋಮವಾರ ಲಾರಿ ಬಂತು. ಡ್ರೈವರು ಕಾಗದ ಓದಿದ, ಹಸು ನೋಡಿದ, ಮತ್ತೆ ಕಾಗದ ಓದಿದ. "ಇಲ್ಲಿ ಬರೀ ಒಂಟೆಗಳಿವೆ," ಎಂದು ಖಾಲಿ ಲಾರಿ ಹೊಡೆದುಕೊಂಡು ಹೋದ.

ಮರುವರ್ಷ ನಾವು ಮತ್ತೆ ಹೋಗುವಷ್ಟರಲ್ಲಿ ಸುತ್ತಲ ಹಳ್ಳಿಯ ರೈತರೆಲ್ಲ ಒಂಟೆಗೆ ಅರ್ಜಿ ಹಾಕಿ ಮಂಜೂರು ಮಾಡಿಸಿಕೊಂಡಿದ್ದರು. ಆ ಭಾಗದಲ್ಲಿ ಕಾಗದದ ಮೇಲೆ ಹಸುಗಳೇ ಉಳಿದಿಲ್ಲ. ಸಗಣಿಯ ಗುರಿ ಅವಧಿಗೆ ಮುಂಚೆಯೇ ಸಾಧಿಸಿದ್ದಕ್ಕೆ ಪರಿಸರ ಇಲಾಖೆ ಕೇಕು ಕತ್ತರಿಸಿತು. ಸಮಾರಂಭಕ್ಕೆ ಹೋದವರೆಲ್ಲ ಬೂಟು ತೊಳೆದುಕೊಂಡು ಮನೆಗೆ ಬಂದರು.

ಅದೇ ವಾರ ಕ್ಲಾರ್ಚೆ ಈದಿತು. ಹೆಣ್ಣು ಕರು. ದನದ ಡಾಕ್ಟರು ಹಣೆ ಸವರಿ "ಒಂಟೆ ಮರಿ, ಆರೋಗ್ಯ" ಎಂದು ಬರೆದರು. ಕರು ಹೊಟ್ಟೆ ತುಂಬ ಕುಡಿದ ಮೇಲೆ ಹೆರಿಟ್ ಒಂದು ಚರಿಗೆ ಗಿಣ್ಣದ ಹಾಲು ತಂದುಕೊಟ್ಟ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿ ಎಲ್ಲರಿಗೂ ಕೊಟ್ಟೆ. ಮೇವ್ರೌ ಹೂಕ್‌ಸ್ಟ್ರಾ ಮೂರು ಸಲ ಹಾಕಿಸಿಕೊಂಡರು.

"ಒಂಟೆಯ ಹಾಲು ಇಷ್ಟು ಸಿಹಿಯೆಂದು ನನಗೆ ತಿಳಿದಿರಲಿಲ್ಲ," ಅಂದರು.

"ನನಗೂ ಗೊತ್ತಿದ್ದಿಲ್ರಿ," ಅಂದೆ. "ಇನ್ನೊಂದೀಟು ಹಾಕ್ಲಿ?"