ಮುಳ್ಳಿನ ರೊಪ್ಪದಲ್ಲಿ ಕರೆಂಟಿನ ಕಾರು

ನಮ್ಮ ಸೋದರಮಾವ ಕಾರು ಕೊಂಡದ್ದು ಓಡಿಸುವುದಕ್ಕಲ್ಲ, ಕಾಯುವುದಕ್ಕೆ! ನಗಬೇಡಿ, ಆಣೆ ಮಾಡಿ ಹೇಳುತ್ತೇನೆ. ಚಿತ್ರದುರ್ಗದಲ್ಲಿ, ಕೋಟೆಯ ಬಂಡೆ ಕಾಣುವ ಅವರ ಮನೆಯ ಮುಂದೆ ಆ ಬಿಳಿ ಎಲೆಕ್ಟ್ರಿಕ್ ಕಾರು ಬಂದು ನಿಂತ ದಿನದಿಂದ ಅದು ಊರು ಸುತ್ತಿದ್ದಕ್ಕಿಂತ ಮಾವ ಅದರ ಸುತ್ತ ಸುತ್ತಿದ್ದೇ ಹೆಚ್ಚು.

ಮಾವ ಹುಟ್ಟಿ ಬೆಳೆದದ್ದು ಹೊಸದುರ್ಗದ ಕಡೆಯ ಮಾಡದಕೆರೆಯಲ್ಲಿ, ಕುರಿ ಸಾಕುವ ಮನೆಯಲ್ಲಿ. ಆಮೇಲೆ ಓದಿ, ಬಬ್ಬೂರು ಕೃಷಿ ಫಾರಂನಲ್ಲಿ ನೌಕರಿ ಮಾಡಿ, ನಿವೃತ್ತರಾಗಿ ದುರ್ಗದಲ್ಲಿ ಮನೆ ಕಟ್ಟಿದರು. ಆದರೆ ಅವರೊಳಗಿನ ಕುರಿ ಕಾಯುವವನು ನಿವೃತ್ತನಾಗಬೇಕಲ್ಲ! ಕಾರು ಚಾರ್ಜಿಗಿದ್ದಾಗ ಫೋನ್ ಮಾಡಿದರೆ, "ಮೇಯ್ತಾ ಐತೆ, ಆಮೇಲೆ ಮಾಡು" ಎಂದು ಇಟ್ಟುಬಿಡುತ್ತಾರೆ.

ಅತ್ತೆಗೆ ಇದ್ದದ್ದು ಒಂದೇ ಆಸೆ, ಸಮುದ್ರ ನೋಡಬೇಕು. ಮದುವೆಯಾದ ಹೊಸದರಲ್ಲಿ ಕೇಳಿದರೆ ಮಾವ, "ಕುರಿ ಬಿಟ್ಟು ಹೆಂಗೋಗ್ಲಿ?" ಎಂದರಂತೆ. ನೌಕರಿ ಸಿಕ್ಕ ಮೇಲೆ, "ಫಾರಂ ಬಿಟ್ಟು ಹೆಂಗೋಗ್ಲಿ?" ಈಗ ಕಾರು! ಮೊನ್ನೆ ಅತ್ತೆ ಮಂಡಿನೋವಿನ ಕಾಲು ನೀಡಿಕೊಂಡು ಕೂತವರು ಹೇಳಿಯೇಬಿಟ್ಟರು. "ಸಮುದ್ರ ಎಲ್ಲಿಗೂ ಹೋಗಲ್ಲ ಕಣ್ರೀ. ಹೋಗೋಳು ನಾನು. ಆಮೇಲೆ ಆರಾಮಾಗಿ ಕಾರು ಕಾಯ್ಕಂಡು ಕುಂತ್ಕಳ್ರಿ."

ಮಾವ ಬೆಚ್ಚಿಬಿದ್ದರು. ಗೋಕರ್ಣಕ್ಕೆ ಹೊರಡುವುದೆಂದು ಆವತ್ತೇ ತೀರ್ಮಾನವಾಯಿತು. ಹೇಗೆ ಅಂತೀರಿ? ಬಸ್ಸಿನಲ್ಲಿ!

"ಅಲ್ಲ ಮಾವ, ಮನೇಲಿ ಕಾರು ಇಟ್ಕಂಡು ಬಸ್ಸಲ್ಲಾ?" ಹೊಳಲ್ಕೆರೆಯಿಂದ ನಾನು ಫೋನಿನಲ್ಲೇ ಕಿರುಚಿದೆ.

"ಗುರ್ತಿಲ್ಲದ ಊರಾಗೆ ಅದನ್ನ ಎಲ್ಲಿ ಕಟ್ಟಾಕ್ಲಿ? ಮನೇಲಿದ್ರೇ ಕ್ಷೇಮ."

ಊರಿಗೆ ಹೋಗುವಾಗ ಕಾರನ್ನು ಹೇಗೆ ಬಿಟ್ಟು ಹೋಗಬೇಕೆಂದು ಶೋರೂಮಿನವರನ್ನು ಕೇಳಿದ್ದಾರೆ. ಅರ್ಧದಷ್ಟು ಚಾರ್ಜ್ ಇರಲಿ, ಪ್ಲಗ್ ಕಿತ್ತಿಡಿ, ಬೀಗ ಹಾಕಿ, ಕೀ ಕಾರಿನ ಹತ್ತಿರ ಇಡಬೇಡಿ, ಅಷ್ಟು ಸಾಕು ಎಂದಿದ್ದಾರೆ ಅವರು. "ಅರೆಹೊಟ್ಟೇಲಿ ಬಿಟ್ಟೋಗಾದಾ? ಕುರಿ ಕಾಯೋನು ಯಾವನಾದ್ರೂ ಹಂಗೆ ಮಾಡ್ತಾನೇನ್ರೀ?" ಎಂದು ಮಾವ ಅವರಿಗೇ ಪಾಠ ಹೇಳಿ, ಕಾರಿಗೆ ಕಂಠಪೂರ್ತಿ ಕರೆಂಟು ಉಣ್ಣಿಸಿದರು. ಚಾರ್ಜಿನ ವೈರನ್ನು ಕಳ್ಳರ ಕಣ್ಣಿಗೆ ಬೀಳದಂತೆ ರಾಗಿ ಡ್ರಮ್ಮಿನಲ್ಲಿ ಹೂತರು. ಅತ್ತೆ ರೊಟ್ಟಿ ಹಿಟ್ಟಿಗೆ ರಾಗಿ ತೆಗೆಯಲು ಹೋಗಿ, ಒಳಗೆ ಹಾವು ಎಂದು ಚೀರಿಕೊಂಡದ್ದು ಬೇರೆ ಕಥೆ!

ಹೊರಡುವ ಹಿಂದಿನ ದಿನ ನೋಡಿಕೊಂಡು ಬರೋಣವೆಂದು ಹೋದವನು ಗೇಟಿನಲ್ಲೇ ದಂಗಾಗಿ ನಿಂತೆ. ಕಾರಿನ ಸುತ್ತ ಎದೆಮಟ್ಟ ಜಾಲಿಮುಳ್ಳು! ನಮ್ಮ ಕಡೆ ಕುರಿ ಕೂಡುವ ರೊಪ್ಪಕ್ಕೆ ಹಾಕುವ ಮುಳ್ಳುಬೇಲಿ ಇದೆಯಲ್ಲ, ಅದೇ. ಹಿರಿಯೂರು ಕಡೆಯಿಂದ ಲಗೇಜ್ ಆಟೋದಲ್ಲಿ ತರಿಸಿದ್ದಾರೆ. ಕಾರಿನ ಮೇಲೆ ಕರಿ ಕಂಬಳಿ. ಹಿಂದಿನ ಚಕ್ರದಿಂದ ಕಿಟಕಿಯ ಕಂಬಿಗೆ ಸರಪಳಿ. ಪಕ್ಕದ ಕನ್ನಡಿಗೆ ಕುರಿಯ ಗಂಟೆ!

"ಗಂಟೆ ಯಾಕೆ ಮಾವ?"

"ಯಾರಾದ್ರೂ ಮುಟ್ಟಿದ್ರೆ ಸದ್ದಾಗ್ಬೇಕಲ್ಲ."

"ನೀವು ಗೋಕರ್ಣದಲ್ಲಿರ್ತೀರಿ. ಕೇಳಿಸ್ಕಳೋರು ಯಾರು?"

"ನೀನು!"

ಅವರು ಬರುವವರೆಗೆ ನಾನು ಅಲ್ಲೇ ಇರಬೇಕಂತೆ. "ದಿನಾ ಅದರ ಹತ್ರ ನಿಂತು ಎರಡು ಮಾತಾಡು. ಮನೇಲಿ ಜನ ಅವ್ರೆ ಅಂತ ಗೊತ್ತಾಗ್ಲಿ."

"ಯಾರಿಗೆ, ಕಳ್ಳರಿಗಾ?"

"ಕಾರಿಗೂ ಗೊತ್ತಾಗ್ಲಿ ಬಿಡು, ಏನೀಗ?"

ಸಾಲದ್ದಕ್ಕೆ ಮಾವ ತಮ್ಮ ಅಣ್ಣನ ಕುರಿಹಿಂಡು ಕಾಯುವ ನಾಯಿಯನ್ನೂ ಮಾಡದಕೆರೆಯಿಂದ ತಂದಿದ್ದರು. ಅದು ಮಾವ, ಅತ್ತೆ ಇಬ್ಬರನ್ನು ಬಿಟ್ಟು ನರಪಿಳ್ಳೆಯನ್ನೂ ಹತ್ತಿರ ಸೇರಿಸದು. ಕಾವಲಿಗೆ ನೇಮಕವಾದ ನನ್ನನ್ನೇ ಗೇಟಿನಾಚೆ ಅಟ್ಟಿತು! "ನೋಡ್ದೇನೋ ಅಳಿಯ, ಹೆಂಗೈತೆ ನಿಯತ್ತು!" ಎಂದು ಮಾವ ಹಿಗ್ಗಿದರು. ಒಳಗೆ ಅತ್ತೆ ಹೊಸ ಸೀರೆಯನ್ನು ಬ್ಯಾಗಿಗೆ ಇಡುತ್ತಿದ್ದರು, ಮತ್ತೆ ತೆಗೆಯುತ್ತಿದ್ದರು. ಈ ಸಲವಾದರೂ ಹೊರಡುತ್ತೇವೆಂದು ಅವರಿಗೇ ನಂಬಿಕೆ ಇರಲಿಲ್ಲ.

ಮರುದಿನ ನಾನು ಹೊಳಲ್ಕೆರೆಯಿಂದ ಬಟ್ಟೆಬರೆ ಕಟ್ಟಿಕೊಂಡು ದುರ್ಗ ಮುಟ್ಟುವಷ್ಟರಲ್ಲಿ ಅವರ ಬಸ್ಸಿನ ಹೊತ್ತು ಮೀರಿತ್ತು. ಗೇಟು ತೆಗೆದು ನೋಡಿದರೆ, ಮುಳ್ಳು ಎರಡು ಪಾಲಾಗಿ ಬಿದ್ದಿದೆ! ಸರಪಳಿ ನೆಲದ ಮೇಲೆ, ಗಂಟೆ ಮೆಟ್ಟಿಲ ಮೇಲೆ. ಕಂಬಳಿ ಇಲ್ಲ. ಕಾರೇ ಇಲ್ಲ! ನಾಯಿ ಮಾತ್ರ ಕಾರಿಲ್ಲದ ಜಾಗವನ್ನು ನಿಯತ್ತಿನಿಂದ ಕಾಯುತ್ತಾ ಮಲಗಿತ್ತು, ನನ್ನನ್ನು ಕಂಡು ಗುರ್ ಎಂದಿತು.

ಅಯ್ಯೋ ದೇವರೇ! ಮಾವನಿಗೆ ಏನೆಂದು ಹೇಳಲಿ? ಹೇಳಿದರೆ ಅರ್ಧದಾರಿಯಲ್ಲೇ ಬಸ್ಸಿಳಿದು ವಾಪಸ್ಸು ಬರುತ್ತಾರೆ. ಅಲ್ಲಿಗೆ ಅತ್ತೆಯ ಸಮುದ್ರ ಈ ಜನ್ಮಕ್ಕೆ ಮುಗಿಯಿತು. ಹೇಳದಿದ್ದರೆ ನಾನು ಮುಗಿದೆ! ಕೊನೆಗೆ ಫೋನ್ ಒತ್ತಿದೆ.

"ಮಾವ... ಕಾರು..."

"ಹ್ಞೂಂ, ನಾನೇ ಹೊಡ್ಕಂಡು ಬಂದೀನಿ. ಹೊಳಲ್ಕೆರೆ ದಾಟಿ ಟೀಗೆ ನಿಲ್ಸೀವಿ. ನಿನ್ನ ಬಸ್ಸಿಗೆ ಎದುರಾಗೇ ಬಂದಿರ್ಬೇಕು ನೋಡು."

ನಾನು ಗಂಟೆಯನ್ನು ಸರಿಸಿ ಮೆಟ್ಟಿಲ ಮೇಲೆ ಕೂತೆ. ಆ ಕಡೆ ಮಾವ ದನಿ ಇಳಿಸಿ ಹೇಳಿದರು.

"ನಿಮ್ಮತ್ತೆಗೆ ಬಸ್ಸಿನ ಮೆಟ್ಟಿಲು ಹತ್ತಾಕಾಗ್ಲಿಲ್ಲ ಕಣೋ. ಕಂಬಿ ಹಿಡ್ಕಂಡು ನಿಂತ್ಬಿಟ್ಳು. ಹಿಂದಿನೋರು ಗದರ್ತಾವ್ರೆ. ನನ್ ಕಡೆ ತಿರುಗಿ, 'ಬಿಡ್ರಿ, ಮನೇಗೆ ಹೋಗಾಣ' ಅಂದ್ಲು. ಬೈಲಿಲ್ಲ, ಅಳ್ಲಿಲ್ಲ, ಬರೀ ಅಷ್ಟೇ ಅಂದ್ಲು. ನನ್ ಕೈಲಿ ತಡ್ಕಳಾಕಾಗ್ಲಿಲ್ಲ. ಆಟೋ ಹಿಡ್ದು ಮನೇಗೆ ಹೋಗಿ ಮುಳ್ಳು ಕಿತ್ತಾಕ್ದೆ. ಏಸಿ ಚಳಿ ಅಂತಾಳೆ, ಕಂಬಳಿ ಹೊದ್ಸಿ ಮುಂದ್ಗಡೆ ಕೂರ್ಸೀನಿ. ನೀನು ನಾಯಿಗೆ ಅನ್ನ ಹಾಕು."

ಮಾರನೆಯ ಸಂಜೆ ಅತ್ತೆಯೇ ಫೋನ್ ಮಾಡಿದರು. ಮೊದಲು ಬರೀ ಅಲೆಯ ಸದ್ದು.

"ಹೆಂಗೈತೆ ಅತ್ತೆ, ಸಮುದ್ರ?"

"ಏನು ನೋಡ್ಲಪ್ಪ! ಅಲೆ ಎಳ್ಕಂಡೋಗುತ್ತೆ ಅಂತ ನಿಮ್ಮ ಮಾವ ನನ್ ಕೈ ಬಿಡ್ತಾನೇ ಇಲ್ಲ. ಹಿಡಿದ ಹಿಡಿತಕ್ಕೆ ಬಳೆ ಒಡೆದೋತು!" ಅವರು ನಗುತ್ತಿದ್ದರು, ದನಿ ಮಾತ್ರ ಒದ್ದೆಯಾಗಿತ್ತು.

ನನಗೆ ಇದ್ದಕ್ಕಿದ್ದಂತೆ ಕಾವಲುಗಾರನ ಜವಾಬ್ದಾರಿ ನೆನಪಾಯಿತು. "ಅತ್ತೆ, ಕಾರಿಗೆ ಬೀಗ ಹಾಕಿದಾರಾ ಕೇಳ್ರಿ."

ಅತ್ತೆ ಕೇಳಿದರು. ಅಲೆಯ ಸದ್ದಿನ ನಡುವೆ ಮಾವನ ದನಿ ನನಗೂ ಸ್ಪಷ್ಟವಾಗಿ ಕೇಳಿಸಿತು.

"ಅಯ್ಯೋ, ಮರ್ತೇಬಿಟ್ಟೆ ಕಣೇ. ಇರ್ಲಿ ಬಿಡು. ನಿನ್ನ ಬಿಟ್ಟು ಹೆಂಗೋಗ್ಲಿ?"